ಗಾಳಿಬಂದೂಕಿನ ಗೀಳು

ನಮ್ಮ ನಾಡಿನ ಯಾವ ಜಾತ್ರೆಗೆ ಹೋದರೂ, ತೇರುಬೀದಿಯ ಬೆಂಡು-ಬತ್ತಾಸಿನ ಅಂಗಡಿಗಳನ್ನೂ ಬಳೆಗಾರರ ಸಾಲನ್ನೂ ದಾಟಿ, ತಿರುಗುವ ತೊಟ್ಟಿಲಿನ ಬಯಲನ್ನು ಸೇರಿದ ಕೂಡಲೇ ಒಂದು ಸದ್ದು ಕಿವಿಗೆ ಬೀಳುತ್ತದೆ. ಮೊದಲು 'ಠಪ್' ಎಂಬ ಒಣಸದ್ದು, ಅದರ ಬೆನ್ನಿಗೇ ಬಲೂನು ಒಡೆದ ಸದ್ದು, ಆಮೇಲೆ ಹುಡುಗರ ಕೇಕೆ. ಹಲಗೆಯೊಂದಕ್ಕೆ ಬಣ್ಣಬಣ್ಣದ ಬಲೂನುಗಳನ್ನು ಸಾಲಾಗಿ ಕಟ್ಟಿ, ಎರಡು ಹಳೆಯ ಗಾಳಿಬಂದೂಕುಗಳನ್ನು ಮೇಜಿನ ಮೇಲಿರಿಸಿಕೊಂಡು ಕುಳಿತ ಆ ಅಂಗಡಿಯವನನ್ನು ಕಾಣದ ಕನ್ನಡಿಗರು ವಿರಳ. ಹೊಡೆಯಲು ಮುಂದಾಗುವವರಲ್ಲಿ ಮಕ್ಕಳಷ್ಟೇ ಇರುವುದಿಲ್ಲ. ಮಗನಿಗೆ ತೋರಿಸಿಕೊಡುವ ನೆಪದಲ್ಲಿ ಬಂದೂಕು ಕೈಗೆತ್ತಿಕೊಂಡ ತಂದೆ, ಐದು ಗುಂಡು ಮುಗಿದ ಮೇಲೂ ಅದನ್ನು ಕೆಳಗಿಡದೆ ಮತ್ತೈದಕ್ಕೆ ಹಣ ತೆಗೆಯುವುದು ಜಾತ್ರೆಯ ನಿತ್ಯನೋಟ.

ಆ ಅಂಗಡಿಯ ಬಂದೂಕಿನ ಗುರಿ ಸಾಮಾನ್ಯವಾಗಿ ಒಂದು ಬದಿಗೆ ಸರಿದಿರುತ್ತದೆ. ಅದನ್ನು ಬಲ್ಲ ಜಾಣ ಹುಡುಗ ಮೊದಲ ಗುಂಡು ಎತ್ತ ಬಿತ್ತೆಂದು ನೋಡಿ, ಎರಡನೆಯದಕ್ಕೆ ಅಷ್ಟೇ ಅಂತರ ಇತ್ತ ಸರಿಸಿ ಹೊಡೆಯುತ್ತಾನೆ. ಬಲೂನು ಒಡೆಯುತ್ತದೆ. ಹವ್ಯಾಸವೊಂದು ಅಂಟಿಕೊಳ್ಳುವುದು ಆ ಗಳಿಗೆಯಲ್ಲೇ. ತಾನು ಮಾಡಿದ ತಪ್ಪು ಕಣ್ಣೆದುರಿಗೇ ಕಂಡು, ಮರುಕ್ಷಣದಲ್ಲೇ ಅದನ್ನು ತಿದ್ದಿಕೊಳ್ಳುವ ಅವಕಾಶ ಬೇರೆ ಎಷ್ಟು ಆಟಗಳಲ್ಲಿ ದೊರೆಯುತ್ತದೆ? ಮನೆಗೆ ಬಂದ ಹುಡುಗ ಒಂದು ವಾರ ಅದೇ ಮಾತನಾಡುತ್ತಾನೆ. ಹುಟ್ಟುಹಬ್ಬ ಹತ್ತಿರ ಬಂದಾಗ ಏರ್‌ಗನ್ ಬೇಕೆಂದು ಕೇಳುತ್ತಾನೆ.

ನಮ್ಮ ಮನೆಗಳಲ್ಲಿ ಇಕ್ಕಟ್ಟು ಆರಂಭವಾಗುವುದು ಅಲ್ಲಿಂದ. ಮಾಂಸಾಹಾರವನ್ನು ವರ್ಜಿಸಿ ಬಾಳುವ ಕುಟುಂಬಗಳಲ್ಲಿ ಬಂದೂಕೆಂದರೆ ಬೇಟೆ, ಬೇಟೆಯೆಂದರೆ ಜೀವಹಿಂಸೆ ಎಂಬ ಭಾವನೆ ಸಹಜವಾಗಿಯೇ ಇದೆ. ಅಜ್ಜಿ 'ಅದೆಲ್ಲ ನಮ್ಮ ಮನೆತನಕ್ಕೆ ತಕ್ಕುದಲ್ಲ' ಎನ್ನುತ್ತಾರೆ. ತಾಯಿಗೆ ನೆರೆಮನೆಯ ಮಗುವಿನ ಕಣ್ಣಿನ ಚಿಂತೆ. ತಂದೆ ಮಾತ್ರ ತಮ್ಮ ಬಾಲ್ಯದ ಜಾತ್ರೆಯನ್ನು ನೆನೆದು ಒಳಗೊಳಗೇ ಮಗನ ಪಕ್ಷ. ಈ ಮೂವರ ಮಾತಿನಲ್ಲೂ ಹುರುಳಿದೆಯೆಂದು ನಾವು ಬಲ್ಲೆವು. ಆದರೂ ಬೇಡವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದಾಗಲಿ, ಕೊಡಿಸಿ ಮರೆತುಬಿಡುವುದಾಗಲಿ ಎರಡೂ ಸಲ್ಲವೆಂಬುದು ನಮ್ಮ ಅಭಿಪ್ರಾಯ. ಈ ಗೀಳಿನ ಬೇರು ಇರುವುದು ಕೊಲ್ಲುವ ಆಸೆಯಲ್ಲಲ್ಲ, ಗುರಿ ಮುಟ್ಟುವ ಆಸೆಯಲ್ಲಿ. ಕಾಗದದ ಗುರಿಯನ್ನು ಕೊಟ್ಟರೆ ಆ ಆಸೆ ಕಾಗದವನ್ನೇ ಹಿಡಿದು ಬೆಳೆಯುತ್ತದೆ. ಏನನ್ನೂ ಕೊಡದೆ ಹಿತ್ತಲಿಗೆ ಬಿಟ್ಟರೆ, ಬೇಲಿಯ ಮೇಲೆ ಕುಳಿತ ಹಕ್ಕಿ ಗುರಿಯಾಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ಗಾಳಿಬಂದೂಕು ಆಟಿಕೆಯೆಂಬ ತಿಳಿವಳಿಕೆ ಬಹುಜನರಲ್ಲಿದೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಜಿರಾರ್ಡೋನಿ ಎಂಬಾತ ರೂಪಿಸಿದ ಗಾಳಿಬಂದೂಕನ್ನು ಆಸ್ಟ್ರಿಯಾದ ಸೈನ್ಯ ಯುದ್ಧಕ್ಕೇ ಬಳಸಿತ್ತು. ಮದ್ದಿಲ್ಲ, ಹೊಗೆಯಿಲ್ಲ, ಸುಮಾರು 20 ಗುಂಡುಗಳನ್ನು ಒಂದರ ಹಿಂದೊಂದರಂತೆ ಹಾರಿಸಬಹುದಾಗಿತ್ತು. ಅದರ ಗಾಳಿಬುರುಡೆಯನ್ನು ತುಂಬಲು ಮಾತ್ರ ಸಾವಿರಕ್ಕೂ ಹೆಚ್ಚು ಸಲ ಪಂಪು ಒತ್ತಬೇಕಿತ್ತಂತೆ! 1804ರಲ್ಲಿ ಅಮೆರಿಕದ ಪಶ್ಚಿಮ ಭಾಗವನ್ನು ಶೋಧಿಸಲು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡದವರೂ ಒಂದು ಗಾಳಿಬಂದೂಕನ್ನು ಜೊತೆಗೆ ಕೊಂಡೊಯ್ದಿದ್ದರು.

ಇಂದು ಮನೆಗಳಿಗೆ ಬರುವ ಬಂದೂಕು ಬಹುಮಟ್ಟಿಗೆ ಸ್ಪ್ರಿಂಗಿನದು. ನಳಿಗೆಯನ್ನು ಮಡಿಚಿದಂತೆ ಕೆಳಗೆ ಬಗ್ಗಿಸಿದಾಗ ಒಳಗಿನ ಪಿಸ್ಟನ್ನು ಹಿಂದಕ್ಕೆ ಸರಿದು ಸ್ಪ್ರಿಂಗನ್ನು ಒತ್ತಿ ಹಿಡಿಯುತ್ತದೆ. ನಳಿಗೆಯ ಬುಡದಲ್ಲಿ ಅರ್ಧ ಗ್ರಾಮಿನಷ್ಟು ತೂಗುವ ಸೀಸದ ಪೆಲೆಟ್ಟನ್ನು ಇಟ್ಟು ಮುಚ್ಚಿ ಟ್ರಿಗರ್ ಎಳೆದರೆ, ಬಿಡುಗಡೆಯಾದ ಪಿಸ್ಟನ್ನು ಮುನ್ನುಗ್ಗಿ ಗಾಳಿಯನ್ನು ಕ್ಷಣಾರ್ಧದಲ್ಲಿ ಹಿಂಡುತ್ತದೆ. ಆ ಗಾಳಿಯೇ ಪೆಲೆಟ್ಟನ್ನು ತಳ್ಳುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಪೆಲೆಟ್ ನಳಿಗೆಯನ್ನು ಬಿಟ್ಟು ಹೊರಡುವುದರೊಳಗಾಗಿಯೇ ಪಿಸ್ಟನ್ನಿನ ಓಟದಿಂದ ಬಂದೂಕು ಹಿಂದಕ್ಕೂ ಮುಂದಕ್ಕೂ ಜಗ್ಗಿರುತ್ತದೆ. ಹೊಸಬ ಬಂದೂಕನ್ನು ಬಿಗಿಯಾಗಿ ಅಪ್ಪಿ ಹಿಡಿದಷ್ಟೂ ಗುಂಡು ಚೆಲ್ಲಾಪಿಲ್ಲಿ. ಪಳಗಿದವನು ಅಂಗೈ ಮೇಲೆ ಹಗುರವಾಗಿ ಇರಿಸಿಕೊಂಡು, ಅದು ತನ್ನಿಚ್ಛೆಯಂತೆ ಅಲುಗಲು ಬಿಡುತ್ತಾನೆ, ಗುಂಡುಗಳೆಲ್ಲ ಒಂದೆಡೆ ಸೇರುತ್ತವೆ. ಹಿಡಿತ ಸಡಿಲಿಸಿದರೆ ಗುರಿ ಬಿಗಿಯಾಗುತ್ತದೆಂಬ ಈ ವಿಚಿತ್ರವನ್ನು ಅರಿಯಲು ಕೆಲವರಿಗೆ ತಿಂಗಳುಗಳೇ ಬೇಕಾಗುತ್ತವೆ. ಅರಿತ ದಿನದಿಂದ ಬಂದೂಕು ಅವರನ್ನು ಬಿಡುವುದಿಲ್ಲ.

ಆಮೇಲಿನ ಹಂತಗಳನ್ನು ಮನೆಯವರೇ ಬಣ್ಣಿಸಬೇಕು. ಯಜಮಾನರು ರಾತ್ರಿ ಊಟವಾದ ಮೇಲೆ ಪತ್ರಿಕೆ ಹಾಸಿಕೊಂಡು ಬಂದೂಕಿನ ತಿರುಪುಗಳನ್ನೆಲ್ಲ ಬಿಚ್ಚಿ ಕೂರುವುದು, ಚಿನ್ನದಂಗಡಿಯ ತಕ್ಕಡಿಯಂಥದೊಂದನ್ನು ತರಿಸಿ ಪೆಲೆಟ್ಟುಗಳನ್ನು ಒಂದೊಂದಾಗಿ ತೂಗಿ ಬೇರೆ ಬೇರೆ ಡಬ್ಬಿಗಳಿಗೆ ಹಾಕುವುದು, 4.49 ಮಿಲಿಮೀಟರಿನದು ಒಳ್ಳೆಯದೋ 4.50ರದೋ ಎಂದು ಗೆಳೆಯರೊಡನೆ ಗಂಟೆಗಟ್ಟಲೆ ವಾದಿಸುವುದು, ಇರುವ ಬಂದೂಕು ಚೆನ್ನಾಗಿಯೇ ಇದ್ದರೂ ಇನ್ನೊಂದರ ಬೆಲೆ ವಿಚಾರಿಸುವುದು. ನಗು ಬರುತ್ತದೆ, ನಿಜ. ಆದರೆ ವೀಣೆಯ ತಂತಿಗಾಗಿ, ಗುಲಾಬಿಯ ಕಸಿಗಾಗಿ ಇಷ್ಟೇ ಪರದಾಡುವವರನ್ನು ನಾವು ರಸಿಕರೆಂದು ಗೌರವಿಸುವುದಿಲ್ಲವೇ? ಮನೆಯ ಖರ್ಚಿಗೆ ಮೀಸಲಾದ ಹಣಕ್ಕೆ ಕೈ ಹಾಕದಿರುವವರೆಗೆ ಈ ಪರದಾಟ ಕ್ಷಮ್ಯ.

ಇನ್ನು ಕಾಗದದ ಗುರಿಯ ಮಾತು. ಒಲಿಂಪಿಕ್ ಕ್ರೀಡಾಕೂಟದಲ್ಲಿ ಏರ್ ರೈಫಲ್ ಸ್ಪರ್ಧೆ 1984ರಲ್ಲಿ, ಏರ್ ಪಿಸ್ತೂಲ್ ಸ್ಪರ್ಧೆ 1988ರಲ್ಲಿ ಸೇರ್ಪಡೆಯಾದವು. ರೈಫಲ್ ಸ್ಪರ್ಧಿ 10 ಮೀಟರ್ ದೂರದಲ್ಲಿ ನೆಟ್ಟಗೆ ನಿಂತು ಹೊಡೆಯಬೇಕು. ಗುರಿಯ ಹತ್ತು ವೃತ್ತಗಳೂ ಸೇರಿ 45.5 ಮಿಲಿಮೀಟರ್ ಅಗಲ. ನಡುವಿನ ಹತ್ತು ಅಂಕದ ಚುಕ್ಕೆ ಬರಿಯ ಅರ್ಧ ಮಿಲಿಮೀಟರ್, ಲೇಖನಿಯ ಮೊನೆ ತಾಗಿಸಿದಷ್ಟು. ಹಾರಿಬರುವ ಪೆಲೆಟ್ಟೇ ಆ ಚುಕ್ಕೆಗಿಂತ ಒಂಬತ್ತು ಪಟ್ಟು ಅಗಲವಾಗಿದೆ. ಒಂದು ವೃತ್ತಕ್ಕೂ ಮುಂದಿನದಕ್ಕೂ 2.5 ಮಿಲಿಮೀಟರ್ ಅಂತರವಿರುವುದರಿಂದ, ನಳಿಗೆಯ ತುದಿ ಹೆಚ್ಚುಕಡಿಮೆ ಕಾಲು ಮಿಲಿಮೀಟರಿನಷ್ಟು ಅಲುಗಿದರೂ ಒಂದು ಅಂಕ ಹೋಯಿತೆಂದೇ ಲೆಕ್ಕ. ದುರ್ಬೀನು ಇಲ್ಲ, ಸಣ್ಣ ಕಂಡಿಯೊಂದರ ಮೂಲಕ ಬರಿಗಣ್ಣಿನಿಂದಲೇ ನೋಡಬೇಕು. 75 ನಿಮಿಷಗಳಲ್ಲಿ 60 ಗುಂಡು. 2018ರಿಂದ ಪುರುಷರಿಗೂ ಮಹಿಳೆಯರಿಗೂ ಇದೇ ನಿಯಮ.

ಅಂಥ ನಿಲುವಿನಲ್ಲಿ ನಿಂತವನಿಗೆ ತನ್ನ ಎದೆಬಡಿತವೇ ಶತ್ರು. ನಾಡಿಯ ಪ್ರತಿ ಮಿಡಿತಕ್ಕೂ ನಳಿಗೆ ತುಸು ಕುಪ್ಪಳಿಸುವುದು ಕಣ್ಣಿಗೇ ಕಾಣುತ್ತದೆ. ಉಸಿರೆಳೆದಾಗ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಆದ್ದರಿಂದ ಉಸಿರನ್ನು ಅರ್ಧ ಬಿಟ್ಟು, ಅದು ತಾನಾಗಿ ನಿಂತ ಕೆಲವೇ ಕ್ಷಣಗಳೊಳಗೆ, ಬೆರಳಿನ ಒತ್ತಡ ಟ್ರಿಗರಿಗೆ ತಿಳಿಯದಂತೆ ಗುಂಡು ಹೊರಡಬೇಕು. ಹೆಚ್ಚು ಹೊತ್ತು ಹಿಡಿದರೆ ಕಣ್ಣು ಮಂಜಾಗುತ್ತದೆ. ಆಗ ಹೊಡೆಯದೆ ಬಂದೂಕನ್ನು ಕೆಳಗಿಳಿಸುವುದೇ ವಿವೇಕ. ಹೊಡೆಯಬಾರದ ಗುಂಡನ್ನು ಹೊಡೆಯದೆ ಇರುವುದನ್ನು ಕಲಿಯಲು ಹುಡುಗರಿಗೆ ಬಹುಕಾಲ ಹಿಡಿಯುತ್ತದೆಂದು ತರಬೇತುದಾರರು ಹೇಳುವುದುಂಟು. ಅಂಗೈಯ ಇಷ್ಟಲಿಂಗದಲ್ಲಿ ಅರೆಗಳಿಗೆ ದೃಷ್ಟಿಯನ್ನು ನಿಲ್ಲಿಸಲು ಯತ್ನಿಸಿದ ನಮ್ಮ ಓದುಗರಿಗೆ ಚಿತ್ತದ ಈ ಓಟ ಹೊಸದಲ್ಲ. ಪೂಜೆಗೂ ಆಟಕ್ಕೂ ಹೋಲಿಕೆ ಸಲ್ಲದು. ಮನಸ್ಸು ಮಾತ್ರ ಎರಡೂ ಕಡೆ ಅದೇ.

ಗುರಿ ಕಾಗದವನ್ನು ಬಿಟ್ಟು ಹಕ್ಕಿಯತ್ತ ಹೊರಳಿದರೆ ಏನಾದೀತು ಎಂಬುದಕ್ಕೆ ನಮ್ಮ ದೇಶದಲ್ಲೇ ಎರಡು ನಿದರ್ಶನಗಳಿವೆ.

20ನೆಯ ಶತಮಾನದ ಮೊದಲ ದಶಕದಲ್ಲಿ ಮುಂಬಯಿಯಲ್ಲಿ ಅನಾಥ ಬಾಲಕನೊಬ್ಬ ಸೋದರಮಾವನ ಆಶ್ರಯದಲ್ಲಿ ಬೆಳೆಯುತ್ತಿದ್ದ. ಮಾವ ಅಮೀರುದ್ದೀನ್ ತಯಬ್‌ಜಿ ಕೊಡಿಸಿದ ಗಾಳಿಬಂದೂಕು ಅವನ ಸರ್ವಸ್ವವಾಗಿತ್ತು. ಗುಬ್ಬಿಗಳು ಅವನ ಗುರಿ. ಒಮ್ಮೆ ಕೆಳಗೆ ಬಿದ್ದ ಗುಬ್ಬಿಯ ಕೊರಳಿನಲ್ಲಿ ಹಳದಿ ಮಚ್ಚೆಯೊಂದು ಕಂಡಿತು. ಇದಾವ ಗುಬ್ಬಿಯೆಂದು ಮಾವನನ್ನು ಕೇಳಿದ. ಅವರಿಗೂ ತಿಳಿಯದೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲರ್ಡ್ ಅವರ ಬಳಿಗೆ ಕಳುಹಿಸಿದರು. ಅಳುಕುತ್ತ ಒಳಹೊಕ್ಕ ಹುಡುಗನಿಗೆ ಮಿಲ್ಲರ್ಡ್ ಹಕ್ಕಿಯ ಹೆಸರನ್ನು ಹೇಳಿದ್ದಲ್ಲದೆ, ಕಪಾಟುಗಳನ್ನು ತೆರೆದು ನೂರಾರು ಹಕ್ಕಿಗಳ ಸಂಗ್ರಹವನ್ನು ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಆ ಬಾಲಕನೇ ಮುಂದೆ ಭಾರತದ ಪಕ್ಷಿತಜ್ಞರಲ್ಲಿ ಅಗ್ರಗಣ್ಯರೆನಿಸಿದ ಡಾ. ಸಲೀಂ ಅಲಿ. ತಮ್ಮ ಆತ್ಮಕಥೆಗೆ ಅವರು ಗುಬ್ಬಿಯೊಂದರ ಪತನವೆಂಬ ಅರ್ಥದ ಹೆಸರನ್ನೇ ಇಟ್ಟರು. ಅವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗಾಗಿ ನಮ್ಮ ನಾಡಿಗೆ ಬಂದರು. ಕಾವೇರಿಯ ನಡುಗಡ್ಡೆಗಳ ಕೊಕ್ಕರೆಗಳನ್ನು ಕಂಡು, ಅವುಗಳನ್ನು ರಕ್ಷಿಸಬೇಕೆಂದು ಮಹಾರಾಜರಿಗೆ ಸಲಹೆಯಿತ್ತರು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಹಾಗೆ.

ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಅದನ್ನು ಅತಿಯಾಗಿ ಸಿಹಿ ಮಾಡಬಾರದು. ಸಲೀಂ ಅಲಿಯವರು ಆ ದಿನದಿಂದ ಬಂದೂಕನ್ನು ತ್ಯಜಿಸಲಿಲ್ಲ. ಅಂದಿನ ವಿಜ್ಞಾನದ ರೂಢಿಯಂತೆ ಅಧ್ಯಯನಕ್ಕಾಗಿ ಹಕ್ಕಿಗಳನ್ನು ಹೊಡೆದು ಸಂಗ್ರಹಿಸುತ್ತಲೇ ಇದ್ದರು. ನಾವು ಗಮನಿಸಬೇಕಾದುದು ಮಾವನ ನಡತೆಯನ್ನು. ಅವರು ಹುಡುಗನನ್ನು ಗದರಿಸಿ ಹಕ್ಕಿಯನ್ನು ತಿಪ್ಪೆಗೆಸೆಯಲಿಲ್ಲ, ಬಲ್ಲವರ ಬಳಿಗೆ ಕಳುಹಿಸಿದರು.

ಎರಡನೆಯ ನಿದರ್ಶನ ಅರುಣಾಚಲ ಪ್ರದೇಶದ್ದು. ಆ ರಾಜ್ಯದ ಹಳ್ಳಿಗಳಲ್ಲಿ ಏರ್‌ಗನ್ ಮನೆಮಾತಾಗಿ, ಕಾಡಿನ ಹಕ್ಕಿಗಳು ವಿರಳವಾಗತೊಡಗಿದ್ದವು. 2021ರ ಮಾರ್ಚಿಯಲ್ಲಿ ಸರಕಾರವೇ ಏರ್‌ಗನ್‌ಗಳನ್ನು ಸ್ವಇಚ್ಛೆಯಿಂದ ಒಪ್ಪಿಸುವ ಅಭಿಯಾನವನ್ನು ಆರಂಭಿಸಿತು. ಎರಡು ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಜನ ತಾವಾಗಿ ತಂದೊಪ್ಪಿಸಿದರು. ಬೇಟೆ ಆ ಜನರ ಪರಂಪರೆಗೆ ಸೇರಿದ್ದೆಂಬುದನ್ನು ನೆನೆದಾಗ ಅವರ ಈ ತ್ಯಾಗದ ತೂಕ ತಿಳಿಯುತ್ತದೆ. ನಮ್ಮಲ್ಲಿಯೂ ಬುಲ್‌ಬುಲ್, ಗಿಳಿ, ಕೊಕ್ಕರೆ ಮೊದಲಾದ ಕಾಡುಹಕ್ಕಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಹೊಡೆದ ಗುಂಡು ತಗುಲದಿದ್ದರೂ ಹೊಡೆಯಲು ಯತ್ನಿಸಿದ್ದೇ ಅಪರಾಧ. ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ತೋಟದ ಹಣ್ಣಿಗೆ ಬರುವ ಗಿಳಿಗಳನ್ನು ಓಡಿಸಲೆಂದು ಮಕ್ಕಳ ಕೈಗೆ ಏರ್‌ಗನ್ ಕೊಡುವ ಹಿರಿಯರು ಇದನ್ನು ಅರಿತಿರುವುದು ಲೇಸು.

ಕಾಗದವನ್ನೇ ನಂಬಿ ನಡೆದವರ ಕಥೆ ಬೇರೆ. ಚಂಡೀಗಢದ ಬಳಿ ತಂದೆ ಮನೆಯಲ್ಲೇ ಕಟ್ಟಿಸಿಕೊಟ್ಟ ಶೂಟಿಂಗ್ ಅಂಕಣದಲ್ಲಿ ಬೆಳೆದ ಅಭಿನವ್ ಬಿಂದ್ರಾ 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಕೊನೆಯ ಗುಂಡಿಗೆ ಬಂದಾಗ ಫಿನ್ಲೆಂಡಿನ ಸ್ಪರ್ಧಿಯೊಡನೆ ಸರಿಸಮನಾಗಿದ್ದರು. ಆತ 9.7 ಹೊಡೆದ, ಬಿಂದ್ರಾ 10.8. ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತದ ಪ್ರಪ್ರಥಮ ಒಲಿಂಪಿಕ್ ಚಿನ್ನ ಒಂದು ಗಾಳಿಬಂದೂಕಿನಿಂದ ಬಂತು. ಭಯವನ್ನು ಗೆಲ್ಲಲೆಂದು ಅದಕ್ಕೆ ಮುನ್ನ ಜರ್ಮನಿಯಲ್ಲಿ 40 ಅಡಿ ಎತ್ತರದ ಕಂಬವನ್ನು ಅವರು ಹತ್ತಿದ್ದರು. ಚಿನ್ನ ಗೆದ್ದ ಮೇಲೆ ಮನಸ್ಸು ಬರಿದಾಗಿ ದಿಕ್ಕುತೋಚದಂತಾಯಿತೆಂದು ಅವರೇ ಮುಂದೆ ಹೇಳಿಕೊಂಡರು. ಇದನ್ನೂ ಮುಚ್ಚಿಡಬೇಕಾಗಿಲ್ಲ. ಹಗಲಿರುಳು ಒಂದೇ ಚುಕ್ಕೆಯನ್ನು ಕಂಡವನಿಗೆ ಚುಕ್ಕೆ ದೊರೆತ ಮರುದಿನ ಏನು ಕಾಣಬೇಕು?

ಬಿಂದ್ರಾ ಬರೆದ ಆತ್ಮಕಥೆ ಜಯಪುರದ ಅವನಿ ಲೇಖರಾಳ ಕೈ ಸೇರಿತು. 2012ರಲ್ಲಿ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದಾಗ ಆಕೆಗೆ ಹನ್ನೊಂದರ ಪ್ರಾಯ. ಮಗಳನ್ನು ಕ್ರೀಡೆಯತ್ತ ಕರೆದೊಯ್ದವರು ತಂದೆ. 2021ರಲ್ಲಿ ನಡೆದ ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ, 2024ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೆ ಅದೇ ಚಿನ್ನ. ಆಕೆಯನ್ನು ತಿದ್ದಿದ ತರಬೇತುದಾರರಾದ ಸುಮಾ ಶಿರೂರ್ ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದಲ್ಲಿ. 2004ರಲ್ಲಿ ಕೌಲಾಲಂಪುರದ ಏಷ್ಯನ್ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ ಸುಮಾ 400ಕ್ಕೆ 400 ಅಂಕ ಪಡೆದು ವಿಶ್ವದಾಖಲೆಯನ್ನು ಸರಿಗಟ್ಟಿದ್ದರು.

ಬೆಂಗಳೂರಿನ ಪ್ರಕಾಶ್ ನಂಜಪ್ಪನವರನ್ನೂ ಇಲ್ಲಿ ನೆನೆಯಬೇಕು. ತಂದೆಯೂ ಶೂಟರ್. ಮಗ ಕೆನಡಾದಲ್ಲಿ ಸಾಫ್ಟ್‌ವೇರ್ ಎಂಜಿನಿಯರಾಗಿದ್ದು, ಆ ಕೆಲಸ ಬಿಟ್ಟು ಪಿಸ್ತೂಲಿಗಾಗಿಯೇ ತಾಯ್ನಾಡಿಗೆ ಮರಳಿದರು. 2013ರಲ್ಲಿ ವಿಶ್ವಕಪ್ಪಿನ ಏರ್ ಪಿಸ್ತೂಲ್ ಕಂಚು ಗೆದ್ದ ವರ್ಷವೇ ಮುಖದ ಒಂದು ಭಾಗ ಪಾರ್ಶ್ವವಾಯುವಿಗೆ ತುತ್ತಾಯಿತು. ಕಣ್ಣೇ ಬಂಡವಾಳವಾದ ಆಟದಲ್ಲಿ ಅದೆಂಥ ಆಘಾತವೆಂದು ಊಹಿಸಬಹುದು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು ಬೆಳ್ಳಿ ಗೆದ್ದರು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಏರ್ ಪಿಸ್ತೂಲಿನಿಂದ ಎರಡು ಕಂಚು ತಂದ ಹರಿಯಾಣದ ಮನು ಭಾಕರ್ ಹೆಸರು ಮಕ್ಕಳಿಗೇ ಗೊತ್ತು. ಮುಷ್ಟಿಯುದ್ಧ, ಟೆನಿಸ್, ಸ್ಕೇಟಿಂಗ್ ಎಲ್ಲವನ್ನೂ ಪ್ರಯತ್ನಿಸಿ, ಹದಿನಾಲ್ಕರ ವಯಸ್ಸಿನಲ್ಲಿ ಆಕೆ ಪಿಸ್ತೂಲ್ ಹಿಡಿದದ್ದು.

ಎಲ್ಲರ ಮಕ್ಕಳೂ ಪದಕ ತರಬೇಕಾಗಿಲ್ಲ. ಸ್ಪರ್ಧೆಯ ರೈಫಲ್ಲುಗಳ ಬೆಲೆ ಲಕ್ಷಗಳ ಲೆಕ್ಕದಲ್ಲಿದೆ. ಅವುಗಳ ಸಿಲಿಂಡರಿನಲ್ಲಿ ಕಾರಿನ ಚಕ್ರಕ್ಕಿಂತ ನೂರು ಪಟ್ಟಿನಷ್ಟು ಒತ್ತಡದ ಗಾಳಿ ತುಂಬಿರುತ್ತದೆ. ಹವ್ಯಾಸಕ್ಕೆ ಅಷ್ಟೆಲ್ಲ ಬೇಡ. ದೇಶದಲ್ಲೇ ತಯಾರಾದ ಸಾಧಾರಣ ಬಂದೂಕು, ಒಂದು ಡಬ್ಬಿ ಪೆಲೆಟ್, ಅಚ್ಚುಹಾಕಿದ ಗುರಿಕಾಗದ ಸಾಕು. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ನಳಿಗೆ 4.5 ಮಿಲಿಮೀಟರನ್ನೂ ಶಕ್ತಿ 20 ಜೂಲನ್ನೂ ಮೀರದ ಗಾಳಿಬಂದೂಕಿಗೆ ಪರವಾನಗಿ ಬೇಕಿಲ್ಲ. ಇವೆರಡರಲ್ಲಿ ಒಂದು ಮೀರಿದರೂ ಬೇಕು. ಹೆಚ್ಚು ಬಲದ್ದನ್ನು ಸದ್ದಿಲ್ಲದೆ ಮಾರುವವರಿದ್ದಾರೆ, ಅವರಿಂದ ದೂರವಿರಬೇಕು.

ಪರವಾನಗಿ ಬೇಡವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ. ಹತ್ತಿರದಿಂದ ತಗುಲಿದ ಪೆಲೆಟ್ಟಿನಿಂದ ಕಣ್ಣು ಹೋದ, ಪ್ರಾಣವೇ ಹೋದ ವರದಿಗಳು ಪತ್ರಿಕೆಗಳಲ್ಲಿ ಬಂದಿವೆ. ಇವುಗಳಲ್ಲಿ ಹಲವು 'ಖಾಲಿ ಇದೆ' ಎಂದು ನಂಬಿದ ಬಂದೂಕಿನಿಂದ ಆದವು. ಖಾಲಿ ಬಂದೂಕೆಂಬುದು ಇಲ್ಲವೆಂದೇ ಮನೆಮಂದಿ ತಿಳಿಯತಕ್ಕದ್ದು. ಬಂದೂಕು ಬೀರುವಿನಲ್ಲಿ, ಬೀಗದ ಕೈ ಹಿರಿಯರ ಬಳಿ. ಹಿರಿಯರು ಪಕ್ಕದಲ್ಲಿಲ್ಲದೆ ಹೊಡೆಯುವಂತಿಲ್ಲ. ಹಳೆಯ ಬಟ್ಟೆಯನ್ನು ಒತ್ತಿ ತುಂಬಿದ ಮರದ ಪೆಟ್ಟಿಗೆಯ ಮುಂದೆ ಗುರಿಕಾಗದವನ್ನು ಅಂಟಿಸಿ, ಅದರ ಹಿಂದೆ ದಪ್ಪಗೋಡೆ ಇರುವಂತೆ ನೋಡಿಕೊಳ್ಳಬೇಕು. ಕಲ್ಲು, ಕಬ್ಬಿಣಗಳಿಗೆ ತಗುಲಿದ ಗುಂಡು ಹೊಡೆದವನತ್ತಲೇ ಮರಳೀತು. ಆ ಸಾಲಿನಲ್ಲಿ ಬಾಗಿಲಾಗಲಿ, ಬಟ್ಟೆ ಒಣಹಾಕುವ ತಂತಿಯಾಗಲಿ ಇರಕೂಡದು. ಪೆಲೆಟ್ಟಿನ ಸೀಸ ವಿಷ. ಅದನ್ನು ಬಾಯಲ್ಲಿ ಕಚ್ಚಿಕೊಳ್ಳುವ ಕೆಟ್ಟ ಚಾಳಿಯನ್ನು ಬಿಡಿಸಬೇಕು, ಆಟ ಮುಗಿದ ಮೇಲೆ ಕೈ ತೊಳೆಯದೆ ಅಡುಗೆಮನೆಗೆ ಕಾಲಿಡಬಾರದು.

ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ ಇದೆ. ತರಬೇತಿಯ ಅಂಕಣ ಸಮೀಪವಿದ್ದವರು ಮಕ್ಕಳಿಗೆ ಬಂದೂಕು ಕೊಡಿಸುವ ಮುನ್ನ ಒಂದು ತಿಂಗಳು ಅಲ್ಲಿಗೆ ಕಳುಹಿಸಿ ನೋಡುವುದು ಉತ್ತಮ. ಹೆಣ್ಣುಮಕ್ಕಳನ್ನು ಮರೆಯಬಾರದು, ತೋಳ್ಬಲಕ್ಕಿಂತ ನಿಶ್ಚಲತೆಗೆ ಬೆಲೆಯಿರುವ ಆಟವಿದು. ಅಲ್ಲಿ ಮೊದಲ ದಿನಗಳಲ್ಲಿ ಪೆಲೆಟ್ ಹಾಕದೆಯೇ, ಬಿಳಿಗೋಡೆಯನ್ನು ನೋಡುತ್ತ ಗಂಟೆಗಟ್ಟಲೆ ಗುರಿ ಹಿಡಿದು ಟ್ರಿಗರ್ ಎಳೆಯುವುದನ್ನೇ ಮಾಡಿಸುತ್ತಾರೆ. ಒಲಿಂಪಿಕ್ ಸ್ಪರ್ಧಿಗಳೂ ದಿನನಿತ್ಯ ಇದನ್ನು ಬಿಡುವುದಿಲ್ಲ. ಬೇಸರಪಟ್ಟು ಓಡಿಬಂದ ಹುಡುಗನಿಗೆ ಬಂದೂಕು ಕೊಡಿಸುವ ಅಗತ್ಯ ಬೀಳದು; ಮರುದಿನವೂ ಹೊರಟು ನಿಂತವನಿಗೆ ಕೊಡಿಸಬಹುದು. ಆದರೆ ಗುಂಡಿಲ್ಲದ ಆ ಅಭ್ಯಾಸವನ್ನು ಮನೆಯ ಸ್ಪ್ರಿಂಗ್ ಬಂದೂಕಿನಲ್ಲಿ ಮಾಡಕೂಡದು. ಪೆಲೆಟ್ಟಿಲ್ಲದೆ ಬಿಟ್ಟ ಪಿಸ್ಟನ್ನು ಗಾಳಿಯ ತಡೆಯಿಲ್ಲದೆ ಹೋಗಿ ಬಡಿದು, ಸ್ಪ್ರಿಂಗೂ ಪಿಸ್ಟನ್ನೂ ಬೇಗ ಕೆಡುತ್ತವೆ.